ಅಚ್ಚಿನೊಳಗಿನ ಗುಂಡು

ಚೆಂಡುಹೂವಿನ ಒಂದು ಎಸಳು ಆ ಮರದ ಹಿಡಿಗೆ ಅಂಟಿಕೊಂಡಿದೆ, ಹಸಿ ಕುಂಕುಮಕ್ಕೆ ಅಂಟಿಕೊಂಡು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದೆ, ತೆಗೆಯಬೇಕು ಅಂದುಕೊಂಡಳು ರತ್ನಕ್ಕ, ಕೈ ಮುಂದೆ ಹೋಯಿತು, ನಿಂತಿತು — ತೆಗೆಯುವಂತಿಲ್ಲ, ಆಯುಧಪೂಜೆಯ ದಿನ ಒಮ್ಮೆ ಕುಂಕುಮ ಇಟ್ಟ ವಸ್ತುವನ್ನು ಮರುದಿನ ಬೆಳಿಗ್ಗೆಯವರೆಗೆ ಕದಲಿಸಬಾರದು, ಮದುವೆಯಾಗಿ ಯಲಹಂಕಕ್ಕೆ ಬಂದ ವರ್ಷ ಅತ್ತೆ ಹೇಳಿಕೊಟ್ಟದ್ದು, ಕುಡುಗೋಲಾಗ್ಲಿ ಈಳಿಗೆಮಣೆಯಾಗ್ಲಿ ಅದಕ್ಕೂ ಒಂದಿನ ಸುಧಾರಿಸಿಕೊಳ್ಳೋದು ಬೇಡವೇನಮ್ಮ ಅಂದಿದ್ದರು, ಎಷ್ಟು ಒಳ್ಳೆಯ ಮಾತು, ಆ ಮಾತಿಗೇ ಸೋತು ಇಷ್ಟು ವರ್ಷ ಆ ದಿನ ಚಾಕು ಮುಟ್ಟದೆ ಹಿಂದಿನ ಸಂಜೆಯೇ ತರಕಾರಿ ಹೆಚ್ಚಿಟ್ಟುಕೊಂಡವಳು. ಕಾರಿನ ಕೀ, ಸ್ಕೂಟರಿನ ಕೀ, ಮೊಮ್ಮಗಳು ಸಂಯುಕ್ತಾಳ ಲ್ಯಾಪ್‌ಟಾಪು, ಮಿಕ್ಸಿ, ಕತ್ತರಿ, ಸುತ್ತಿಗೆ, ಎಲ್ಲದರ ನಡುವೆ ಅದು. ನೋಡಿದವರಿಗೆ ಇಕ್ಕಳ, ಎರಡು ಮರದ ಹಿಡಿ, ಮುಂದೆ ಎರಡು ಕಬ್ಬಿಣದ ಹೋಳು ಒಂದಕ್ಕೊಂದು ಮುಖ ಕೊಟ್ಟು ಮುಚ್ಚಿಕೊಂಡಿವೆ, ಮೇಲೊಂದು ತಿರುಗುವ ಪಟ್ಟಿ. ಅಜ್ಜಿ ಇದೇನು, ಅಡಕತ್ತರೀನಾ, ಸಖತ್ತಾಗಿದೆ, ಇದನ್ನೂ ಇಡೋಣ — ಲಾಫ್ಟಿನಿಂದ ಹಿತ್ತಾಳೆ ತಟ್ಟೆ ಇಳಿಸಿಕೊಡು ಅಂದದ್ದು ತಾನೇ, ಮಂಡಿನೋವು, ಸ್ಟೂಲು ಹತ್ತಲಾಗದು, ತಟ್ಟೆಗಳು ಆ ಟ್ರಂಕಿನಲ್ಲೇ ಇದ್ದವು, ತಳದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟದ್ದು ಹುಡುಗಿಯ ಕಣ್ಣಿಗೆ ಬೀಳದು ಅಂದುಕೊಂಡಿದ್ದಳು, ಅಡುಗೆಮನೆಯಿಂದ ಬರುವಷ್ಟರಲ್ಲಿ ಕುಂಕುಮ ಬಿದ್ದಿತ್ತು. ಅಷ್ಟೇ ಅಲ್ಲ, ಬಚ್ಚಲುಮನೆಯ ಬಾಗಿಲು ತಟ್ಟಿ ಹೇಳಿಯೂ ಆಗಿತ್ತು, ತಾತಾ ಮರದ ಹಿಡಿ ಇರೋ ಹಳೇ ಇಕ್ಕಳ ಸಿಕ್ತು, ಪೂಜೆಗೆ ಇಟ್ಟಿದೀನಿ. ಒಳಗೆ ಚೊಂಬಿನ ಸದ್ದು ನಿಂತಿತು. ಆಮೇಲೆ, ಇರ್ಲಿ ಬಿಡಮ್ಮ. ಇರ್ಲಿ ಬಿಡಮ್ಮ ಅಂದರು ಅಂದರೆ ಅವರಿಗೆ ತಿಳಿಯಿತು, ಈ ಮನೆಯಲ್ಲಿ ಮರದ ಹಿಡಿಯ ಇಕ್ಕಳದಂಥದ್ದು ಒಂದೇ, ಅದು ಗುಂಡು ಎರಕ ಹೊಯ್ಯುವ ಅಚ್ಚು. ಈಗ ಸ್ನಾನ ಮುಗಿಸಿ ಬರುತ್ತಾರೆ, ಮಣೆಯ ಮೇಲೆ ಕೂರುತ್ತಾರೆ, ಕದಲಿಸಬಾರದು ನಿಜ, ಇದ್ದಲ್ಲೇ ಹಿಡಿ ಅಗಲಿಸಿ ನೋಡಲು ಯಾರ ಅಡ್ಡಿ, ಆ ಅಚ್ಚಿನ ಬಳಕೆ ಬಲ್ಲ ಯಾವ ಕೈಯೂ ಅಗಲಿಸದೆ ಬಿಡುವುದಿಲ್ಲ, ಅಗಲಿಸಿದರೆ ಒಳಗಿರುವುದು ಬೀಳುತ್ತದೆ.

ವಿಮಾನವೊಂದು ಮನೆಯ ನೆತ್ತಿಯ ಮೇಲೇ ಹಾದುಹೋಯಿತು, ಏರ್‌ಫೋರ್ಸಿನದು, ಕಿಟಕಿಯ ಗಾಜು ನಡುಗಿ ತಟ್ಟೆಯಲ್ಲಿದ್ದ ಕೀಗಳು ಕಿಣಿಗುಟ್ಟಿದವು, ಆಗಲೂ ಹೀಗೇ, ಹಳೆಯ ಮನೆಯ ಹಿತ್ತಲಲ್ಲಿ ಇದ್ದಿಲ ಒಲೆಯ ಮೇಲೆ ಬಾಣಲೆಯಲ್ಲಿ ಸೀಸ ಕರಗುತ್ತಿದ್ದಾಗ ವಿಮಾನ ಹೋದರೆ ಸೀಸದ ಮೇಲೆ ಸಣ್ಣ ಅಲೆ ಏಳುತ್ತಿತ್ತು, ಕನ್ನಡಿಯ ಹಾಗೆ ಹೊಳೆಯುವ ಸೀಸ, ಅದರಲ್ಲಿ ಇಪ್ಪತ್ತಮೂರು ವರ್ಷದ ತನ್ನ ಮುಖ, ಮೂಗಿನ ತುದಿಗೆ ಮಸಿ, ಅದನ್ನು ನೋಡಿ ಇವರು, ಗಂಡ ದೊಡ್ಡಮುನಿಯಪ್ಪ, ಪಂಚೆಯ ತುದಿಯಿಂದ ಒರೆಸಿದ್ದು, ಅತ್ತೆ ನೋಡಿದರೆ ಅಂತ ತಾನು ಹಿಂದೆ ಸರಿದದ್ದು, ನೋಡ್ಲಿ ಬಿಡು ಅಂದದ್ದು. ಮಾವನ ಆ ರೈಫಲ್ಲು ಸುತ್ತೂರಿಗೆಲ್ಲ ಒಂದೇ, ದೇಶ ಬಿಟ್ಟು ಹೊರಟಿದ್ದ ಯಾವನೋ ಬಿಳಿಯ ಅಧಿಕಾರಿಯಿಂದ ಅಚ್ಚಿನ ಸಮೇತ ಕೊಂಡದ್ದಂತೆ, ಟ್ರಿಗರಿನ ಸುತ್ತ ಬಳೆಯಂಥ ಹಿಡಿ, ಬೆರಳು ತೂರಿಸಿ ಕೆಳಕ್ಕೆ ಒತ್ತಿ ಮೇಲಕ್ಕೆಳೆದರೆ ಖಾಲಿ ತೋಟಾ ಹಾರಿ ಹೊಸದು ಕೂರುತ್ತಿತ್ತು, ಚಕ್ ಚಕ್, ಎವೆಯಿಕ್ಕುವಷ್ಟರಲ್ಲಿ ಎರಡನೇ ಗುಂಡು ತಯಾರು. ಅದರ ತೋಟಾ ಅಂಗಡಿಯಲ್ಲಿ ಸಿಗದು, ಹಿತ್ತಾಳೆಯ ಖಾಲಿ ತೋಟಾಗಳನ್ನೇ ಜೋಪಾನ ಮಾಡಿ ಗುಂಡು ಮನೆಯಲ್ಲೇ ಹೊಯ್ದು ತುಂಬಿಕೊಳ್ಳುವುದು, ಅಚ್ಚನ್ನು ಮೊದಲು ದೀಪದ ಹೊಗೆಗೆ ಹಿಡಿದು ಒಳಗೆ ಮಸಿ ಹಿಡಿಸಬೇಕು, ಸೀಸಕ್ಕೆ ಜೇನುಮೇಣದ ಚೂರು ಹಾಕಿ ಕಿಟ್ಟ ತೆಗೆಯಬೇಕು, ಸೌಟಿನಿಂದ ಹೊಯ್ದು ಐದು ಎಣಿಸಿ ಪಟ್ಟಿ ತಿರುಗಿಸಿದರೆ ಮೇಲೆ ಮಿಕ್ಕ ಸೀಸ ಕತ್ತರಿಸಿಕೊಳ್ಳುತ್ತದೆ, ಹಿಡಿ ಅಗಲಿಸಿದರೆ ಒಣ ಗೋಣಿತಾಟಿನ ಮೇಲೆ ಟಪ್ಪನೆ ಬೀಳುತ್ತದೆ, ಬೆರಳ ತುದಿಯಷ್ಟು, ಸೊಂಟದ ಸುತ್ತ ಎರಡು ಗೀರು, ಆ ಗೀರಿಗೆ ಮೇಣ ಮತ್ತು ಕೊಬ್ಬು ಕಲಸಿ ತುಂಬಬೇಕು, ಎಲ್ಲ ಕಲಿಸಿದವರು ಮಾವ, ಹೆಂಗಸಿನ ಕೆಲಸವಲ್ಲ ಅಂತ ಒಂದು ದಿನ ಅಂದವರಲ್ಲ, ನಮ್ಮ ಸೊಸೆ ಬಿಎಸ್ಸಿ ಅಂತ ಸಂತೆಯಲ್ಲೂ ಹೇಳಿಕೊಂಡು ಬರುತ್ತಿದ್ದವರು. ಆ ಬಿಎಸ್ಸಿ. ತನ್ನ ಅಪ್ಪ ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು, ಬೆರಳ ಸಂದಿಯ ಮಸಿ ಸಾಯುವವರೆಗೂ ಹೋಗಲಿಲ್ಲ, ಆ ದುಡಿಮೆಯಲ್ಲಿ ಕೆಮಿಸ್ಟ್ರಿ ಓದಿಸಿದರು, ಓದಿದ್ದರಿಂದಲೇ ತನಗೆ ಗೊತ್ತಿತ್ತು, ಮೆತ್ತನೆ ಸೀಸ ನಳಿಗೆಯೊಳಗೆ ಬಳಿದುಕೊಳ್ಳುತ್ತದೆ, ಬಳಿದುಕೊಂಡರೆ ಗುರಿ ಕೆಡುತ್ತದೆ, ಅದಕ್ಕೆ ತವರವೂ ಆಂಟಿಮನಿಯೂ ಸೇರಬೇಕು, ಎರಡೂ ಬೆರೆತ ಲೋಹ ಅಪ್ಪನ ಪ್ರೆಸ್ಸಿನ ಮೂಲೆಯಲ್ಲಿ ಡಬ್ಬಗಟ್ಟಲೆ ಬಿದ್ದಿದೆ, ಸವೆದ ಅಚ್ಚುಮೊಳೆ. ಒಂದು ಚೀಲ ತಂದಳು. ಬಾಣಲೆಗೆ ಸುರಿದಾಗ ಅಕ್ಷರಗಳು ಸೀಸದ ಮೇಲೆ ತೇಲಿದವು, ಒಂದು ‘ಕ್ಷ’ ಬಹಳ ಹೊತ್ತು ತೇಲಿ ಬದಿಯಿಂದ ಕರಗುತ್ತ ಕಾಲು ಕಳೆದುಕೊಂಡು ಮರೆಯಾಯಿತು. ಮಾವ ಹೊಸ ಗುಂಡನ್ನು ಉಗುರಿನಿಂದ ಕೆರೆದರು, ಗೆರೆ ಬೀಳಲಿಲ್ಲ. ಮೆತ್ಗಿದ್ರೇ ವಾಸಿ ಕಣಮ್ಮ, ಮೈಯೊಳಗೇ ಅರಳ್ಕೊಂಡು ನಿಂತೋಗ್ತದೆ, ಆಚೀಕ್ ಓಗಲ್ಲ. ತಾನು ನಕ್ಕಳು. ಒಳ್ಳೆಯ ನಗುವೇ, ಆದರೂ ಕೆಮಿಸ್ಟ್ರಿ ಗೊತ್ತಿಲ್ಲದವರನ್ನು ನೋಡಿ ನಗುವ ನಗು, ಅದು ತನಗೆ ಗೊತ್ತು. ಇವರು ಹೆಂಡತಿಯ ಪಕ್ಷ ವಹಿಸಿದರು, ಹೊಸ ಮದುವೆ, ವಹಿಸದೆ ಇರುತ್ತಾರೆಯೇ, ಅಪ್ಪಾ ರತ್ನ ಓದಿದಾಳೆ ಬಿಡಿ. ಮಾವ ಸುಮ್ಮನಾದರು. ಸುಮ್ಮನಾಗಬಾರದಿತ್ತು, ಒಂದು ಮಾತು ಬೈಯಬೇಕಿತ್ತು, ಬೈದಿದ್ದರೆ.

ಬಚ್ಚಲಲ್ಲಿ ಚೊಂಬು ಮತ್ತೆ ಸದ್ದು ಮಾಡುತ್ತಿದೆ, ಇನ್ನೂ ಹೊತ್ತಿದೆ, ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡರೆ — ಎಲ್ಲಿ ಅಂತ ಕೇಳುತ್ತಾರೆ, ಸಂಯುಕ್ತಾ ಹುಡುಕುತ್ತಾಳೆ, ಬಾಲ್ಕನಿಯಲ್ಲಿ ಮಾವಿನೆಲೆ ಕಟ್ಟುತ್ತ ಏನೋ ಗುನುಗುತ್ತಿದ್ದಾಳೆ ಹುಡುಗಿ, ಅಜ್ಜಿಗೆ ಕೂರಲು ಕಷ್ಟ ಅಂತ ಹೇಳದೆಯೇ ಕುರ್ಚಿ ತಂದು ಹಾಕಿದಳು, ಅದರ ಮೇಲೆ ದಿಂಬೂ. ಯಾರಿಗೂ ಕೆಟ್ಟದ್ದು ಬೇಕಿರಲಿಲ್ಲ, ಆ ದಿನವೂ ಯಾರಿಗೂ ಬೇಕಿರಲಿಲ್ಲ. ಎಪ್ಪತ್ತೊಂದರ ಯುದ್ಧದ ವರ್ಷ, ದಸರಾ ಮುಗಿದು ಎಂಟು ದಿನ, ಇದೇ ಅಚ್ಚಿಗೆ ಹೀಗೇ ಕುಂಕುಮ ಇಟ್ಟು ಎಂಟು ದಿನ, ಮಾಕಳಿಯ ಹೊಲದಲ್ಲಿ ಕಡಲೆಕಾಯಿ ಬಲಿತಿತ್ತು, ಹಂದಿಗಳು ಬಂದು ಸಾಲು ಸಾಲೇ ಉತ್ತುಹಾಕಿದ್ದವು. ಪದ್ಧತಿ ಹಳೆಯದು, ಪೊದೆಯ ಆಚೆಯಿಂದ ನಾಲ್ಕು ಜನ ತಮಟೆ ಬಡಿದು ಸೋವುವುದು, ಹಂದಿಯನ್ನು ಈಚೆಗೆ ಅಟ್ಟುವುದು, ಈಚೆ ಬದುವಿನ ಮೇಲೆ ಬಂದೂಕು, ಸೋವುವವರು ಎದುರಿಗೇ ನಿಂತಿರುತ್ತಾರೆ, ಓದಿದವರು ಕೇಳಿದರೆ ಹುಚ್ಚು ಅನ್ನುತ್ತಾರೆ, ಹುಚ್ಚಲ್ಲ, ಅವರೆಲ್ಲ ಆ ಮೆತ್ತನೆ ಸೀಸವನ್ನು ನಂಬಿ ನಿಂತಿದ್ದವರು, ಆ ಬಂದೂಕು ಬಂದಾಗಿನಿಂದ ಹಂದಿಗೆ ಬಿದ್ದ ಗುಂಡು ಹಂದಿಯಲ್ಲೇ ಉಳಿದಿತ್ತು, ಹತ್ತಿರಕ್ಕೆ ಬಂದದ್ದಕ್ಕೆ ಮಾತ್ರ ಹೊಡೆಯುವುದು, ತಪ್ಪುವುದು ಕಡಿಮೆ. ಆ ದಿನ ಈಚೆ ಬಂದೂಕು ಹಿಡಿದವರು ಇವರು, ಆಚೆ ನಿಂತವನು ಚಿಕ್ಕಮಾರಯ್ಯ, ಇಪ್ಪತ್ತು ವರ್ಷ, ಜಿಂಕೆಯ ಹಾಗೆ ಓಡುವವನು, ಮಿಲಿಟರಿಗೆ ಆಯ್ಕೆಯಾಗಿ ಕಾಗದಕ್ಕೆ ಕಾಯುತ್ತಿದ್ದವನು. ತಾನು ಬಂಡಿಯ ಬಳಿ ಬುತ್ತಿ ಬಿಚ್ಚುತ್ತಿದ್ದಳು. ಒಂದು ಸದ್ದು, ಚಕ್ ಚಕ್, ಇನ್ನೊಂದು ಸದ್ದು. ಆಮೇಲೆ ತಮಟೆ ನಿಂತು ಕೂಗು. ಹಂದಿಯೂ ಬಿದ್ದಿತ್ತು, ಮನುಷ್ಯನೂ ಬಿದ್ದಿದ್ದ, ಎರಡು ಗುಂಡು, ಎರಡು ದೇಹ, ಲೆಕ್ಕ ಎಲ್ಲರಿಗೂ ಸರಿಹೋಯಿತು, ಒಂದು ಹಂದಿಗೆ, ಅವಸರದಲ್ಲಿ ಎಳೆದ ಇನ್ನೊಂದು ಮಾರಯ್ಯನ ಮಂಡಿಯ ಮೇಲೆ. ಇವರು ಬಂದೂಕು ಬಿಸಾಕಿ ಓಡಿದರು, ಹಂದಿಯ ಕಡೆ ತಿರುಗಿಯೂ ನೋಡಲಿಲ್ಲ. ತುಮಕೂರು ರಸ್ತೆಯಲ್ಲಿ ಕೈ ಅಡ್ಡ ಹಾಕಿದಾಗ ನಿಂತದ್ದು ಮಂಜೂರ್ ಅಂತ ಒಬ್ಬನ ಲಾರಿ, ಈರುಳ್ಳಿ ಮೂಟೆ ಸರಿಸಿ ತಾನು ಹೊದೆಯುವ ಕಂಬಳಿಯನ್ನೇ ಹಾಸಿದ, ಕೊಡಲು ಹೋದ ದುಡ್ಡನ್ನು ಮುಟ್ಟಲಿಲ್ಲ, ಮೂರು ದಿನ ಬಿಟ್ಟು ಹೇಗಿದಾನೆ ಅಂತ ಕೇಳಲು ಆಸ್ಪತ್ರೆಗೇ ಬಂದ, ಕೈಯಲ್ಲಿ ಎರಡು ಮೋಸಂಬಿ. ಪೊಲೀಸರು ಬಂದಾಗ ಮಾರಯ್ಯ ಹಾಸಿಗೆಯಿಂದಲೇ ಹೇಳಿದ, ನಾನೇ ಸಾಲು ಬಿಟ್ ಮುಂದಕ್ ಬಂದೆ ಸ್ವಾಮಿ, ಗೌಡ್ರುದು ಏನೂ ತಪ್ಪಿಲ್ಲ. ಸಾಲು ಬಿಟ್ಟಿರಲಿಲ್ಲ. ನಿಲ್ಲಿಸಿದ ಜಾಗದಲ್ಲೇ ನಿಂತಿದ್ದ. ಆಸ್ಪತ್ರೆಯ ಆಯಾ ಮುನಿಕೃಷ್ಣಮ್ಮ, ಬಾಗಿಲ ಬಳಿ ಅಳುತ್ತ ಕೂತ ತನ್ನನ್ನು ಮಾರಯ್ಯನ ಮನೆಯವಳೆಂದೇ ತಿಳಿದು ಟೀ ತಂದುಕೊಟ್ಟಳು, ಹತ್ತಿಯಲ್ಲಿ ಸುತ್ತಿದ್ದನ್ನು ಅಂಗೈಗೆ ಒತ್ತಿದಳು, ಒಳಗಿಂದ ತೆಗ್ದಿದ್ದು ಕಣಮ್ಮ, ಪೊಲೀಸ್ನೋರು ಕೇಳಿದ್ರೆ ಕೊಡು, ಕೇಳ್ದಿದ್ರೆ ಎಲ್ಲಾದ್ರೂ ಹರಿಯೋ ನೀರಿಗೆ ಬಿಟ್ಬಿಡು. ಯಾರೂ ಕೇಳಲಿಲ್ಲ. ಹತ್ತಿ ಬಿಡಿಸಿ ನೋಡಿದಳು. ಗುಂಡು ಅರಳಿರಲಿಲ್ಲ, ಮೂತಿ ಒಂದು ಚೂರು ತಗ್ಗಾಗಿತ್ತು, ಅಷ್ಟೇ, ಅಚ್ಚಿನಿಂದ ಈಗ ಬಿದ್ದ ಹಾಗಿತ್ತು, ಮತ್ತು ಸೊಂಟದ ಗೀರಿನಲ್ಲಿ, ತಾನೇ ಬೆರಳಲ್ಲಿ ತುಂಬಿದ ಮೇಣದಲ್ಲಿ, ಸಿಕ್ಕಿಕೊಂಡು — ಒಂದು ಕೂದಲು. ಕಪ್ಪು, ಒರಟು, ತುದಿ ಸೀಳಿದ್ದು. ಮನುಷ್ಯನದಲ್ಲ.

ಹಂದಿಯ ಕೂದಲು ಮಾರಯ್ಯನ ಕಾಲಿನೊಳಗೆ ಹೇಗೆ ಹೋಗುತ್ತದೆ, ಮೊದಲ ಗುಂಡೇ ಹಂದಿಯನ್ನು ತೂರಿ ಆಚೆ ಹೋಗಿದ್ದರೆ ಮಾತ್ರ, ಎರಡನೆಯದು ಯಾವುದೋ ಬದುವಿನ ಮಣ್ಣಿನಲ್ಲಿದೆ, ಯಾರಿಗೂ ತಗುಲದೆ, ಇವರ ಕೈ ಅವಸರ ಮಾಡಿತ್ತು ನಿಜ, ಆ ಅವಸರದಿಂದ ಯಾರಿಗೂ ಏನೂ ಆಗಲಿಲ್ಲ, ಆದದ್ದೆಲ್ಲ ತನ್ನ ಗಟ್ಟಿ ಗುಂಡಿನಿಂದ. ಮಾವನಿಗೆ ತಿಳಿದಿತ್ತು. ಆ ಸಂಜೆ ಹಂದಿಯನ್ನು ಯಾರೂ ತಿನ್ನಬಾರದು ಅಂತ ಹೂಳಿಸಿದವರು ಅವರೇ, ಹೂಳುವ ಮುಂಚೆ ಅದನ್ನು ಮಗ್ಗುಲು ತಿರುಗಿಸಿದರು, ಈ ಕಡೆ ಒಂದು ತೂತು, ಆ ಕಡೆ ಒಂದು ತೂತು, ತಲೆಯೆತ್ತಿ ಸೊಸೆಯನ್ನು ನೋಡಿದರು. ಒಂದು ಸಲ. ಬೆಳಿಗ್ಗೆ ಎದ್ದು ನೋಡಿದರೆ ಹೊಸ ಗುಂಡುಗಳ ಡಬ್ಬ ಇರಲಿಲ್ಲ, ಮಿಕ್ಕ ಅಚ್ಚುಮೊಳೆಯೂ ಇರಲಿಲ್ಲ, ಬಾವಿಯ ಹಗ್ಗ ಒದ್ದೆಯಾಗಿತ್ತು, ಎಲ್ಲವನ್ನೂ ಬಾವಿಗೆ ಇಳಿಸಿಬಿಟ್ಟಿದ್ದರು ಮಾವ, ಎಂಟು ವರ್ಷದ ಮೇಲೆ ತೀರಿಕೊಂಡರು, ಒಂದು ಮಾತು ಆಡಲಿಲ್ಲ, ಕೊನೆಯ ದಿನವೂ ನೀರು ಕೊಡಮ್ಮ ಅಂತ ತನ್ನನ್ನೇ ಕೇಳಿ ಕುಡಿದರು. ಅವರು ಹೇಳಲಿಲ್ಲ, ತಾನು ಹೇಳಬಹುದಿತ್ತು. ಮೊದಲ ವಾರ ಹೇಳಬೇಕೆಂದಿದ್ದಳು, ಮಾರಯ್ಯ ಬದುಕಲಿ ಆಮೇಲೆ ಅಂದುಕೊಂಡಳು, ಬದುಕಿದ, ಕಾಲು ಮಡಚುವುದಿಲ್ಲ ಅಂದರು, ಕಾಲು ನೆಟ್ಟಗಾಗಲಿ ಅಂದುಕೊಂಡಳು, ಆಗಲಿಲ್ಲ, ಅಷ್ಟರಲ್ಲಿ ಬಸುರಿ, ಬಸುರಿಗೆ ಇಂಥದ್ದೆಲ್ಲ ಬೇಡ, ಆಮೇಲೆ ಬಾಣಂತಿ, ಆಮೇಲೆ ಯಾವಾಗ ಹೇಳಿದರೂ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆ ಮುಂದೆ ನಿಂತಿರುತ್ತಿತ್ತು. ಗುಂಡನ್ನು ಹರಿಯುವ ನೀರಿಗೆ ಬಿಡಲಿಲ್ಲ, ಬಿಟ್ಟರೆ ತಾನು ತಪ್ಪಿಸಿಕೊಂಡಂತಾಗುತ್ತದೆ ಅನ್ನಿಸಿತು, ಅಚ್ಚಿನೊಳಗೇ ಇಟ್ಟು ಮುಚ್ಚಿದಳು, ಹುಟ್ಟಿದ ಕಡೆಗೇ, ಮೂತಿ ತಗ್ಗಾಗಿದ್ದರಿಂದ ಎರಡು ಹೋಳು ಪೂರ್ತಿ ಕೂಡಲಿಲ್ಲ, ನಡುವೆ ಒಂದು ಸಂದು ಉಳಿಯಿತು, ಈಗಲೂ ಉಳಿದಿದೆ, ಇಲ್ಲಿಂದ ಕಾಣುತ್ತಿದೆ. ಮತ್ತೆ ಇವರು. ರೈಫಲ್ಲನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದವರು ಮಾಂಸ ಬಿಟ್ಟರು, ಅದು ದೊಡ್ಡದಲ್ಲ. ಮಗ ಹುಟ್ಟಿದಾಗ ಎತ್ತಿಕೊಳ್ಳಲಿಲ್ಲ. ತೊಡೆಯ ಮೇಲೆ ಇಡಲು ಹೋದರೆ ಹಿಂದೆ ಸರಿದರು, ನಂದು ಅವಸರದ ಕೈ ರತ್ನಾ, ಬೇಡ. ಮಗು ತಾನಾಗಿ ನಡೆದು ಬಂದು ಮಂಡಿ ಹಿಡಿದುಕೊಳ್ಳುವವರೆಗೆ, ಹದಿಮೂರು ತಿಂಗಳು, ಮುಟ್ಟಲಿಲ್ಲ. ಅದನ್ನು ನೋಡಿಕೊಂಡು ತಾನು ಸುಮ್ಮನಿದ್ದಳು. ಒಂದು ವಾಕ್ಯದ ಕೆಲಸ. ಮಲಗಿದಾಗ ಬಲಗೈ ಒಮ್ಮೊಮ್ಮೆ ಕೆಳಕ್ಕೆ ಒತ್ತಿ ಮೇಲಕ್ಕೆಳೆಯುತ್ತಿತ್ತು, ಚಾಪೆಯ ಮೇಲೆ, ಸದ್ದಿಲ್ಲದೆ, ಆ ಕೈಯನ್ನು ಹಿಡಿದುಕೊಂಡು ಮಲಗುತ್ತಿದ್ದಳು, ಎಷ್ಟು ಒಳ್ಳೆಯ ಹೆಂಡತಿ ಅಂತ ಅವರು ಅಂದುಕೊಂಡಿರಬೇಕು. ಈಗ ಎಂಬತ್ತಮೂರು, ಅದೇ ಕೈ ನಡುಗುತ್ತದೆ, ವಯಸ್ಸಿನ ಕಾಯಿಲೆ ಅಂತ ಸಂಜಯನಗರದ ಡಾಕ್ಟರು ಚೀಟಿ ಬರೆದುಕೊಟ್ಟರು, ಹೊರಗೆ ಬಂದು ಆಟೋಗೆ ಕಾಯುವಾಗ ಇವರು ಮೆಲ್ಲಗೆ, ಕಾಯಿಲೆ ಅಲ್ಲ ರತ್ನಾ, ಬರಬೇಕಾದ್ದು ಬಂತು. ಮೊನ್ನೆ ಮೊನ್ನೆ, ಈ ಶ್ರಾವಣದಲ್ಲಿ. ಆಗಲೂ ಆಟೋ ಬಂತು ಅಂದಳೇ ಹೊರತು.

ಲಿಫ್ಟಿನ ಬಾಗಿಲು ತೆರೆದ ಸದ್ದು, ಆಮೇಲೆ ಆ ನಡಿಗೆ, ಒಂದು ಹೆಜ್ಜೆ, ಒಂದು ಎಳೆತ, ಒಂದು ಹೆಜ್ಜೆ, ಒಂದು ಎಳೆತ, ಚಿಕ್ಕಮಾರಯ್ಯ ಬಂದ, ಮಾಕಳಿಯಿಂದ ಎರಡು ಬಸ್ಸು ಬದಲಾಯಿಸಿ ಪ್ರತಿ ಆಯುಧಪೂಜೆಗೆ ಬರುತ್ತಾನೆ, ಈ ಮನೆಯ ಗಾಡಿಗಳಿಗೆ ದೃಷ್ಟಿ ತೆಗೆದು ಬೂದುಗುಂಬಳ ಒಡೆಯುವುದು ಅವನೇ ಆಗಬೇಕು, ಅದು ಇವರ ಹಟ, ಬೇರೆ ಯಾರ ಕೈಯಿಂದಲೂ ಒಡೆಸುವುದಿಲ್ಲ. ಕಂಕುಳಲ್ಲಿ ಕುಂಬಳ, ಕೈಚೀಲದಲ್ಲಿ ಸೀತಾಫಲ, ಅದರಲ್ಲೊಂದು ಹದವಾಗಿ ಹಣ್ಣಾದದ್ದನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ತಂದಿದ್ದಾನೆ, ಇದು ನಿಂಗೆ ರತ್ನಕ್ಕ, ಅಗಿಯೋಕೆ ಕಷ್ಟ ಆಗಲ್ಲ. ಪ್ರತಿ ವರ್ಷ ಹೀಗೆ ಏನಾದರೊಂದು. ಸಂಯುಕ್ತಾ ಕಾಲು ಹೇಗಿದೆ ತಾತ ಅಂದರೆ ಅವನ ಹಳೆಯ ತಮಾಷೆ, ಈ ಕಾಲೇ ಕಣವ್ವ ನನ್ನ ಉಳ್ಸಿದ್ದು, ಮಿಲಿಟ್ರಿಗೆ ಓಗಿದ್ರೆ ಆ ವರ್ಷವೇ ಓಗ್ಬಿಡ್ತಿದ್ದೆ, ನಿಮ್ ತಾತನ್ ಗುಂಡು ಗುಂಡಲ್ಲ, ಪೆನ್ಷನ್ನು. ಹುಡುಗಿ ನಗುತ್ತಾಳೆ. ನಿಮ್ಮ ತಾತನ ಗುಂಡು. ಅವನ ಕಣ್ಣು ಪೂಜೆಯ ಕಡೆ ಹೋಯಿತು, ಅಚ್ಚಿನ ಮೇಲೆ ನಿಂತಿತು, ನಗು ಇಳಿಯಿತು, ಮಡಚದ ಕಾಲನ್ನು ಬದಿಗೆ ಚಾಚಿ ಕಷ್ಟಪಟ್ಟು ಬಗ್ಗಿ ಒಂದು ಹಿಡಿ ಚೆಂಡುಹೂ ತೆಗೆದು ಅದರ ಮೇಲೆ ಮುಚ್ಚಿದ, ಮೆಲ್ಲಗೆ, ಅಣ್ಣನ ಕಣ್ಣಿಗ್ ಬೀಳೋದ್ ಬೇಡ ರತ್ನಕ್ಕ, ವರ್ಷದ್ ದಿನ, ಮತ್ತೆ ಕೊರಗ್ತದೆ. ಕಾಲು ಕಳೆದುಕೊಂಡವನು ಹೂ ಮುಚ್ಚುತ್ತಿದ್ದಾನೆ. ಯಾರನ್ನು ಉಳಿಸಲು ಯಾರು. ಬಚ್ಚಲುಮನೆಯ ಬಾಗಿಲು ತೆರೆಯಿತು, ಹೊಸ ಪಂಚೆ, ಒದ್ದೆ ತಲೆ, ಕಣ್ಣಿನ ಆಪರೇಷನ್ ಆದ ಮೇಲೆ ಸೂಜಿಗೂ ದಾರ ಪೋಣಿಸಿಕೊಡುತ್ತಾರೆ, ಹೂವಿನ ಕೆಳಗಿನ ಮರದ ಹಿಡಿ ಕಾಣದೆ ಇರುತ್ತದೆಯೇ. ಮಣೆಯ ಮೇಲೆ ಕೂತರು. ಮಾರಯ್ಯ ಹಾಕಿದ ಹೂವನ್ನು ನಡುಗುವ ಕೈಯಿಂದ ಒಂದೊಂದಾಗಿ ಸರಿಸಿದರು. ಇದರದ್ದೇನು ತಪ್ಪಿದೆ ಮಾರಯ್ಯ, ಅಂದರು, ರತ್ನ ಎಷ್ಟು ಚೆನ್ನಾಗಿ ಎರಕ ಹೊಯ್ತಿದ್ಲು, ಒಂದೊಂದು ಗುಂಡು ಮುತ್ತಿನ ಹಾಗೆ, ನೆಟ್ಟಗೆ ಹೋಗ್ತಿತ್ತು, ಮೊದಲನೇದು ಸರಿಯಾಗೇ ಬಿತ್ತಲ್ಲ, ಅಲ್ಲಿಗೆ ಸಾಕಿತ್ತು, ಈ ಕೈ ಸುಮ್ಮನಿರಲಿಲ್ಲ. ಹೇಳಿ ಹೆಂಡತಿಯ ಕಡೆ ನೋಡಿ ಒಂಚೂರು ನಕ್ಕರು, ನೀನು ನೊಂದುಕೊಳ್ಳಬೇಡ ಅನ್ನುವ ನಗು, ಮೂಗಿನ ತುದಿಯ ಮಸಿ ಒರೆಸಿದ ದಿನದ್ದೇ ಅದು, ಹೊಗಳುತ್ತಿದ್ದಾರೆ, ತನ್ನನ್ನು ಹೊಗಳುತ್ತಿದ್ದಾರೆ — ರತ್ನಕ್ಕ ಕುರ್ಚಿಯಿಂದ ಇಳಿದಳು, ಮಂಡಿ ನೆಲಕ್ಕೆ ತಾಗಿ ನೋವು ಸೊಂಟದವರೆಗೆ ಹೋಯಿತು, ಕುಂಕುಮವಿಟ್ಟ ಅಚ್ಚನ್ನು ಎತ್ತಿಕೊಂಡಳು, ಅಜ್ಜಿ ಕದಲಿಸ್ಬಾರ್ದು ಅಂತ ನೀವೇ ಅಂದ್ರಲ್ಲ, ಹೌದು ಪುಟ್ಟಾ, ನಾನೇ ಅಂದಿದ್ದೆ, ಹಿಡಿಗಳು ಬಿಗಿದಿವೆ, ಬಲ ಸಾಲದು, ಇನ್ನೊಮ್ಮೆ ಎಳೆದಳು, ಅಗಲಿದವು. ಅಕ್ಷತೆಯ ಮೇಲೆ ಬಿದ್ದದ್ದು ಸದ್ದೇ ಮಾಡಲಿಲ್ಲ. ಎರಡನೇದಲ್ಲ ರೀ, ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು, ಮಾರಯ್ಯನ ಕಾಲಿಂದ ತೆಗೆದಿದ್ದು ಇದು, ಇದು ಮೊದಲನೇದು, ಹಂದೀನ ತೂರ್ಕೊಂಡು ಹೋಯ್ತು, ಮಾವ ಬೇಡ ಅಂದಿದ್ರು, ಗಟ್ಟಿ ಮಾಡಿದ್ದು ನಾನು, ನಿಮ್ಮ ಕೈಯಲ್ಲ. ಮಾರಯ್ಯನ ಕಂಕುಳ ಕುಂಬಳಕ್ಕೆ ಅವನ ಇನ್ನೊಂದು ಕೈಯೂ ಆಸರೆಯಾಯಿತು, ಅವನ ಮುಖ ನೋಡಲಾರಳು, ಇವರ ಮುಖವನ್ನೂ, ಇವರ ಬಲಗೈ ಅಕ್ಷತೆಯ ತಟ್ಟೆಗೆ ಇಳಿಯುತ್ತಿದೆ, ಎರಡು ಬೆರಳಲ್ಲಿ ಅದನ್ನು ಎತ್ತಿತು, ಕಿಟಕಿಯ ಬೆಳಕಿಗೆ ಹಿಡಿಯಿತು, ಇವರ ಕಣ್ಣು ಗುಂಡಿನ ಸೊಂಟಕ್ಕೆ ಬಂತು, ಅಲ್ಲೇ ನಿಂತಿತು, ಒಣಗಿ ಹಳದಿಯಾದ ಮೇಣ, ತನ್ನ ಬೆರಳ ಗುರುತು, ಅದರಲ್ಲಿ ಆ ಕೂದಲು, ಕಪ್ಪು, ಒರಟು, ತುದಿ ಸೀಳಿದ ಆ ಒಂದು ಕೂದಲು.